ವರ್ಷತೊಡಕಿನ ದಿನ ಹವಾಯಿಗೆ

ವರ್ಷತೊಡಕಿನ ದಿನ ಯಾರಾದರೂ ಗಂಡು ನೋಡಲು ಹೊರಡುತ್ತಾರೆಯೇ? ಒಲೆಯ ಮೇಲೆ ಬಾಡು ಬೇಯಬೇಕಾದ ಹೊತ್ತು, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕಾದ ಹೊತ್ತು. ಯುಗಾದಿಯ ಮಾರನೆಯ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ತೊಡರಿಕೊಳ್ಳುತ್ತದೆ ಎಂದು ಸರಸಮ್ಮನ ತಾಯಿ ಹೇಳುತ್ತಿದ್ದಳು, ಅವಳ ತಾಯಿಯೂ ಹೇಳುತ್ತಿದ್ದಳು. ಅತ್ತವರು ವರ್ಷವೆಲ್ಲ ಅಳುತ್ತಾರೆ, ಅಲೆದವರು ವರ್ಷವೆಲ್ಲ ಅಲೆಯುತ್ತಾರೆ. ಅದಕ್ಕೇ ಸರಸಮ್ಮ ಆ ದಿನ ಯಾರೊಂದಿಗೂ ಜಗಳಕ್ಕೆ ಹೋಗುತ್ತಿರಲಿಲ್ಲ, ಬೇಡಿ ಬಂದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಗಂಡನನ್ನು ಮಾತ್ರ ಹೊಸಲು ದಾಟಲು ಬಿಡುತ್ತಿರಲಿಲ್ಲ.

ಯಾಕೆಂದರೆ ಅದು ಊರಿನ ಗಂಡಸರೆಲ್ಲ ಎಲೆ ಹಿಡಿಯುವ ದಿನ. ಎಲೆ ಎಂದರೆ ಇಸ್ಪೀಟು. ವರ್ಷವೆಲ್ಲ ಸಾಧುಗಳಂತೆ ಇದ್ದವರೂ ಅವತ್ತು ಅರಳಿಕಟ್ಟೆಯ ಮೇಲೆ ಟವೆಲ್ ಹಾಸಿ ಕೂತುಬಿಡುತ್ತಾರೆ. ಕೇಳಿದರೆ, 'ಹಬ್ಬ ಕಣಮ್ಮಿ, ಶಾಸ್ತ್ರಕ್ಕೆ ಒಂದಾಟ' ಎನ್ನುತ್ತಾರೆ. ಶಾಸ್ತ್ರವಂತೆ ಶಾಸ್ತ್ರ! ಆ ಶಾಸ್ತ್ರದಲ್ಲಿ ಎಷ್ಟು ಮನೆ ಉರುಳಿದವು ಎಂದು ಸರಸಮ್ಮನನ್ನು ಕೇಳಬೇಕು.

ಅವಳ ಮನೆಯೂ ಹಾಗೆಯೇ ಉರುಳಬೇಕಿತ್ತು. ಹನ್ನೆರಡು ವರ್ಷದ ಹಿಂದೆ ರೇಷ್ಮೆ ಬೆಳೆ ಚೆನ್ನಾಗಿ ಬಂದು, ಗೂಡು ಮಾರಲು ರಾಮನಗರಕ್ಕೆ ಹೋದ ಬೋರಲಿಂಗಯ್ಯ ಎರಡು ದಿನ ಮನೆಗೆ ಬರಲಿಲ್ಲ. ಇತ್ತ ಹತ್ತು ವರ್ಷದ ಮಗಳು ಸೌಮ್ಯ ಜ್ವರದಲ್ಲಿ ಬೇಯುತ್ತಿದ್ದಳು, ಔಷಧಿಗೆ ಕಾಸಿರಲಿಲ್ಲ. ಮೂರನೆಯ ಬೆಳಿಗ್ಗೆ ಅವನು ಬರಿಗೈಯಲ್ಲಿ ಬಂದ. ಗೂಡಿನ ದುಡ್ಡೆಲ್ಲ ಯಾವುದೋ ಅಡ್ಡೆಯಲ್ಲಿ ಹೋಗಿತ್ತು. ಸರಸಮ್ಮ ಬೈಯಲಿಲ್ಲ, ಅಳಲಿಲ್ಲ. ಅವನ ಕೈಯನ್ನು ದರದರ ಎಳೆದು ಕೆಂಡದಂತಿದ್ದ ಮಗುವಿನ ತಲೆಯ ಮೇಲೆ ಇರಿಸಿದಳು. 'ಇನ್ಮೇಲೆ ಎಲೆ ಮುಟ್ಟಲ್ಲ, ದುಡ್ಡು ಕಟ್ಟಲ್ಲ, ನನ್ ಮಗಳಾಣೆ' ಎಂದು ಅವನು ಗೊಳೋ ಎಂದು ಅತ್ತ. ಸಂಜೆಯ ಹೊತ್ತಿಗೆ ಜ್ವರ ಇಳಿಯಿತು.

ಅಂದಿನಿಂದ ಸೌಮ್ಯಳ ಉಸಿರು ಗಂಡನ ಬೆರಳ ತುದಿಯಲ್ಲಿದೆ ಎಂದೇ ಸರಸಮ್ಮ ನಂಬಿದ್ದಳು. ಮಗಳು ತಲೆನೋವು ಎಂದರೆ ಸಾಕು, ಅಮೃತಾಂಜನ ಹುಡುಕುವ ಮೊದಲು ಗಂಡ ಎಲ್ಲಿದ್ದಾನೆ ಎಂದು ಹುಡುಕುತ್ತಿದ್ದಳು. ಅವನು ತೋಟದಲ್ಲಿ ಹಿಪ್ಪುನೇರಳೆ ಕೊಯ್ಯುತ್ತಿರುವುದು ಕಂಡ ಮೇಲೆಯೇ ಅವಳ ಎದೆಬಡಿತ ಹತೋಟಿಗೆ ಬರುತ್ತಿತ್ತು. ಬೋರಲಿಂಗಯ್ಯನೂ ಮಾತಿಗೆ ತಪ್ಪಿರಲಿಲ್ಲ, ಅದನ್ನು ಹೇಳಲೇಬೇಕು.

ಈಗ ಗಂಡು ತಂದವನು ದೊಡ್ಡಹನುಮಯ್ಯ, ಬೋರಲಿಂಗಯ್ಯನಿಗೆ ದೂರದ ನೆಂಟ. ಹುಡುಗ ಅವನ ಅಕ್ಕನ ಮಗ ಜಯಕುಮಾರ್. ತಾಯಿ ತಂದೆ ಇಲ್ಲ, ರಾಮನಗರದಲ್ಲಿ ದೊಡ್ಡ ಹೋಟೆಲಿನಲ್ಲಿ ಕೆಲಸ. 'ಹಬ್ಬದಾಗೆ ಅವ್ನಿಗೆ ರಜಾನೇ ಸಿಗಾಕಿಲ್ಲ ತಂಗ್ಯವ್ವ. ನೀವೇ ಬಂದು ಹುಡುಗನ್ನೂ ನೋಡಿ, ಕೆಲ್ಸನೂ ನೋಡಿ. ಮದ್ಯಾನದ ಊಟ ಅಲ್ಲೇ' ಎಂದು ಹೇಳಿ ಕಳಿಸಿದ್ದ. ಸರಸಮ್ಮ ಬೇರೆ ದಿನ ಕೇಳಿದಳು. ಬೋರಲಿಂಗಯ್ಯ ಕೇಳಲಿಲ್ಲ. ಒಳ್ಳೆಯ ಗಂಡು ಕೈತಪ್ಪಿದರೆ ನಿನ್ನ ಶಾಸ್ತ್ರ ಮಗಳಿಗೆ ತಾಳಿ ಕಟ್ಟುತ್ತದೆಯೇ ಎಂದು ರೇಗಿದ. ಸೌಮ್ಯ ಮಾತ್ರ ತಣ್ಣಗೆ, 'ನೋಡ್ಕೊಂಡ್ ಬನ್ನಿ. ಜೂನ್‌ನಾಗೆ ನನ್ ಡಿ.ಎಡ್. ಪರೀಕ್ಷೆ ಐತೆ, ಅದು ಮುಗಿಯೋಗಂಟ ದಿನ ಗೊತ್ತು ಮಾಡ್ಬ್ಯಾಡಿ, ಅಷ್ಟೇಯ' ಎಂದಳು. ಆಗಲಿ ಎಂದು ಅಪ್ಪ ಮಾತು ಕೊಟ್ಟ.

ಕೆಂಪಾಪುರದ ಕಡೆಯ ತಮ್ಮೂರಿಂದ ಬಸ್ಸು ಹಿಡಿದು ಗಂಡಹೆಂಡತಿ ಇಬ್ಬರೂ ರಾಮನಗರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ದೊಡ್ಡಹನುಮಯ್ಯ ಬಸ್‌ಸ್ಟ್ಯಾಂಡಿನಲ್ಲೇ ಕಾದಿದ್ದ. ಹೋಟೆಲಿನ ಹೆಸರು ಹವಾಯಿ ಎಂದಾಗ ಸರಸಮ್ಮನಿಗೆ ಮೊದಲು ನೆನಪಾದದ್ದು ಚಪ್ಪಲಿ. ಅವಳಿಗೆ ಗೊತ್ತಿದ್ದ ಹವಾಯಿ ಅದೊಂದೇ.

ಪೇಟೆಯ ನಟ್ಟನಡುವೆ, ಲಾಟರಿ ಅಂಗಡಿಗಳ ಸಾಲಿನ ಪಕ್ಕದಲ್ಲಿ ಅದು ನಿಂತಿತ್ತು. ಮೂರು ಅಂತಸ್ತು. ಬಾಗಿಲ ಎರಡೂ ಕಡೆ ಪ್ಲಾಸ್ಟಿಕ್ಕಿನ ತೆಂಗಿನ ಮರ, ಗೋಡೆಯ ಮೇಲೆ ನೀಲಿ ಸಮುದ್ರ. 'ಹವಾಯಿ ಕ್ಯಾಸಿನೋ ಹೋಟೆಲ್' ಎಂಬ ಬೋರ್ಡಿನ ಸುತ್ತ ಹಗಲಲ್ಲೇ ದೀಪ ಮಿಣಮಿಣ ಅನ್ನುತ್ತಿತ್ತು. ಒಳಗೆ ಕಾಲಿಟ್ಟಿದ್ದೇ ತಡ, ಹೂವಿನ ಲಂಗದ ಹುಡುಗಿಯೊಬ್ಬಳು ಓಡಿಬಂದು ಬೋರಲಿಂಗಯ್ಯನ ಕೊರಳಿಗೆ ಪ್ಲಾಸ್ಟಿಕ್ ಹಾರ ಹಾಕಿಬಿಟ್ಟಳು. ಐವತ್ತೈದರ ಗಂಡಸು ಮದುಮಗನಂತೆ ನಾಚಿಕೊಂಡ. ಸರಸಮ್ಮ, 'ನಂಗ್ ಬ್ಯಾಡ ಕಣವ್ವ' ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ಮೆಟ್ಟಿಲ ಬುಡದಲ್ಲಿ ಆಳೆತ್ತರದ ಮರದ ಗೊಂಬೆ. ಬಾಯಿ ತೆರೆದು, ಹಲ್ಲು ಕಿರಿದು, ಕಣ್ಣು ಬಿಟ್ಟುಕೊಂಡಿತ್ತು. ಹವಾಯಿಯ ದೇವರಂತೆ, ಪಟ ತೋರಿಸಿ ಚನ್ನಪಟ್ಟಣದವರ ಕೈಲಿ ಮಾಡಿಸಿದ್ದಂತೆ. ಜನ ಅದಕ್ಕೆ ಅರಿಶಿನ ಕುಂಕುಮ ಬಳಿದು, ಕಾಲಬಳಿ ನಿಂಬೆಹಣ್ಣು ಕುಯ್ದಿಟ್ಟಿದ್ದರು. ಮೇಲೆ ಹೋಗುವವರೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತುತ್ತಿದ್ದರು. ಬೋರಲಿಂಗಯ್ಯನ ಕೈಯೂ ತಂತಾನೇ ಮುಗಿಯಿತು. ಇದೇನು ಮುನೇಶ್ವರನೇ, ಮಾರಮ್ಮನೇ, ಯಾವ ದೇವರೆಂದು ಕೈ ಮುಗಿದ ಈ ಮನುಷ್ಯ?

ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮುದುಕ ವಾಚ್‌ಮನ್ ಎದ್ದು ಬಂದ. ಬೋರಲಿಂಗಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

'ಅರೆ, ಬೋರಣ್ಣ ಅಲ್ವಾ? ಎಷ್ಟ್ ವರ್ಷ ಆಯ್ತು! ನಾನು ಪೀರ್ ಸಾಬ್, ಟೀ ಪೀರ್ ಸಾಬ್! ಮತ್ತೆ ಇಲ್ಲಿಗೇ ಬಂದ್ಬುಟ್ರಾ?'

ಬೋರಲಿಂಗಯ್ಯ ಕೇಳಿಸದವನಂತೆ ಒಳಗೆ ನಡೆದ. ಸರಸಮ್ಮನಿಗೆ ಕೇಳಿಸಿತ್ತು. ಮತ್ತೆ ಇಲ್ಲಿಗೇ ಅಂದರೆ?

ಜಯಕುಮಾರ್ ಬಂದು ಇಬ್ಬರ ಕಾಲಿಗೂ ನಮಸ್ಕರಿಸಿದ. ಗಿಳಿ, ದಾಸವಾಳ ಚಿತ್ರದ ಅಂಗಿ ಹೋಟೆಲಿನವರದು. ಮುಖ ಮಾತ್ರ ಸಭ್ಯ. ತಾನೇ ನಿಂತು ಬಡಿಸಿದ. ಅನಾನಸ್ ಹಾಕಿದ ಪಲಾವು. ಖಾರದ ಅನ್ನದಲ್ಲಿ ಸಿಹಿ ಹಣ್ಣು! ಮನೆಯಲ್ಲಿ ನಾದಿನಿ ಬೇಯಿಸುತ್ತಿರುವ ಬಾಡು ನೆನೆದು ಸರಸಮ್ಮ ಹಣ್ಣಿನ ಚೂರುಗಳನ್ನು ತಟ್ಟೆಯಂಚಿಗೆ ಸರಿಸಿದಳು. ಆದರೂ ಹುಡುಗ ಇಷ್ಟವಾದ. 'ಅತ್ತೆ, ಸೇರದಿದ್ರೆ ಬುಡಿ, ಮೊಸರನ್ನ ತರ್ತೀನಿ' ಎಂದು ತಟ್ಟೆ ತೆಗೆದುಕೊಂಡ ರೀತಿಗೇ ಅವಳ ಅರ್ಧ ಭಯ ಕರಗಿತು.

'ಕೆಲ್ಸ ಏನಪ್ಪಾ, ಬಡ್ಸೋದಾ?' ಎಂದು ಕೇಳಿದಳು.

ಹುಡುಗ ಮಾವನ ಮುಖ ನೋಡಿದ. ದೊಡ್ಡಹನುಮಯ್ಯ ಕಣ್ಣಲ್ಲೇ ಏನೋ ಸನ್ನೆ ಮಾಡಿದ. ಹುಡುಗ ತಲೆಯಾಡಿಸಿ, 'ಸುಳ್ ಹೇಳಕಿಲ್ಲ ಅತ್ತೆ. ಮೇಲೆ ಕ್ಲಬ್ ಐತೆ. ಅಲ್ಲಿ ಎಲೆ ಹಂಚೋನು ನಾನು. ನಾನ್ ಆಡಾಕಿಲ್ಲ, ಯಾವತ್ತೂ ಆಡಿಲ್ಲ' ಎಂದ.

ಹನ್ನೆರಡು ವರ್ಷ ಸರಸಮ್ಮ ಯಾವ ಪೀಡೆಯನ್ನು ಹೊಸಲಾಚೆ ನಿಲ್ಲಿಸಿದ್ದಳೋ ಅದು ಈಗ ಅಳಿಯನಾಗಿ ಬಂದು ಕಾಲಿಗೆ ಬೀಳುತ್ತಿದೆ! ಎದ್ದು ಹೋಗೋಣ ಎಂದು ಗಂಡನ ಕಡೆ ತಿರುಗಿದಳು. ಬೋರಲಿಂಗಯ್ಯನಿಗೆ ಇವಳು ಕಾಣುತ್ತಲೇ ಇರಲಿಲ್ಲ. ಅವನು ಮೆಟ್ಟಿಲ ಕಡೆ ನೋಡುತ್ತಿದ್ದ.

'ಹುಡುಗನ್ ಕೆಲ್ಸ ನೋಡ್ದೆ ಹೋಗಕಾಯ್ತದಾ? ಒಸಿ ಮೇಲ್ ಹೋಗ್ ಬತ್ತೀನಿ. ನೀನಿಲ್ಲೇ ಕೂತಿರು' ಎಂದ.

'ಏನೂಂದ್ರೆ, ಇವತ್ತು ಯಾವ್ ದಿನ ಅನ್ನೋದ್ ಗ್ಯಾನ ಐತಾ?'

'ಐತೆ ಕಣೇ. ನನ್ ಮಗಳಾಣೆನೂ ಗ್ಯಾನದಾಗೈತೆ. ನೋಡಿದ್ರೇನ್ ಕಣ್ ಸವೀತದಾ?'

ಗಂಡಸರು ಮೂವರೂ ಹತ್ತಿಹೋದರು. ಹೆಂಗಸರು ಮೇಲೆ ಹೋಗುವುದಿಲ್ಲವಂತೆ. ದುಡ್ಡಿನ ಚೀಲ ತನ್ನ ಸೊಂಟದಲ್ಲಿದೆ, ಅವನ ಜೇಬಿನಲ್ಲಿ ಬೀಡಿ ಬಿಟ್ಟು ಏನೂ ಇಲ್ಲ ಎಂದು ಸರಸಮ್ಮ ಸಮಾಧಾನ ಮಾಡಿಕೊಂಡಳು. ಸಮಾಧಾನವೇನೂ ಆಗಲಿಲ್ಲ. ಎದ್ದು ಪೀರ್ ಸಾಬನ ಬಳಿ ಹೋಗಿ ನಿಂತಳು.

'ಸಾಬ್ರೇ, ಮತ್ತೆ ಇಲ್ಲಿಗೇ ಅಂದ್ರಲ್ಲ, ಏನದು?'

ಮುದುಕ ನಿಟ್ಟುಸಿರು ಬಿಟ್ಟ. 'ಈ ಜಾಗದ ಗುಣ ಅದು ತಾಯಿ. ನಮ್ಮಪ್ಪನ ಕಾಲದಾಗೆ ಇಲ್ಲಿ ಗೂಡಿನ ಗಾಡಿ ನಿಲ್ತಿದ್ವು. ಕನಕಪುರದೋರು, ಮಾಗಡಿಯೋರು ಗಾಡಿ ಬುಟ್ಟು, ಕಲ್ಲಿನ ಮ್ಯಾಲೆ ಮನೆ ಗೀಚಿ ಚೌಕಾಬಾರ ಆಡೋರು. ಆಮೇಲೆ ಕೋಳಿ ಪಂದ್ಯ. ಆಮೇಲೆ ಗೂಡಿನ ಗೋಡೌನ್ ಆಯ್ತು. ಹಿಂದ್ಗಡೆ ರೂಮ್‌ನಾಗೆ ಅಂದರ್ ಬಾಹರ್. ನಾನು ಟೀ ಕೊಡ್ತಿದ್ದೆ. ಈಗ ಸಾವ್ಕಾರ್ರ ಮಗ ಗೋವಾಕ್ಕೋಗಿ ನೋಡ್ಕಂಡ್ ಬಂದು ಹವಾಯಿ ಮಾಡವ್ರೆ. ಬಿಡದಿ ಕಾರ್ ಫ್ಯಾಕ್ಟ್ರಿ ಕಡೆ ಜನ ಎಲ್ಲಾ ಬರ್ತಾರೆ. ಬಣ್ಣ ಬ್ಯಾರೆ, ಬಾವಿ ಅದೇ.'

'ನಮ್ಮೋರು?'

'ಆ ಹಿಂದ್ಗಡೆ ರೂಮ್‌ನಾಗೇ ಎರಡ್ ದಿನ ಕೂತಿದ್ರು. ಎದ್ದೋಗಿ ಬೋರಣ್ಣ, ಮನೇಲ್ ಮಗೀಗೆ ಹುಷಾರಿಲ್ಲ ಅಂದ್ರಲ್ಲ ಅಂತ ನಾನೇ ಹೇಳ್ದೆ. ಇನ್ನೊಂದ್ ಆಟ, ಇನ್ನೊಂದ್ ಆಟ ಅನ್ನೋರು.'

ಮಗುವಿಗೆ ಹುಷಾರಿಲ್ಲದ್ದು ಅವನಿಗೆ ಗೊತ್ತಿತ್ತು! ಗೊತ್ತಿದ್ದೂ ಕೂತಿದ್ದ. ಹನ್ನೆರಡು ವರ್ಷ ಈ ಮಾತನ್ನು ಅವನು ಬಾಯಿಬಿಟ್ಟಿರಲಿಲ್ಲ. ಸರಸಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಾಯಿತು. ಮಗಳು ಈಗ ಮನೆಯಲ್ಲಿ ಏನು ಮಾಡುತ್ತಿದ್ದಾಳೋ, ತಲೆನೋವು ಎಂದು ಮಲಗಿದ್ದಾಳೋ, ಒಲೆಯ ಮುಂದೆ ಸೆರಗು ನೋಡಿಕೊಳ್ಳದೆ ಕೂತಿದ್ದಾಳೋ.

'ಒಸಿ ಮೇಲೋಗಿ ನೋಡ್ಕಂಡ್ ಬನ್ನಿ ಸಾಬ್ರೇ, ನಿಮ್ ಕಾಲಿಗ್ ಬೀಳ್ತೀನಿ.'

ಮುದುಕ ಮಂಡಿ ಹಿಡಿದುಕೊಂಡು ಹತ್ತಿದ. ಇಳಿದು ಬರುವ ಹೊತ್ತಿಗೆ ಸರಸಮ್ಮ ಸೆರಗಿನ ತುದಿಯನ್ನು ತಿರುಚಿ ಹಗ್ಗ ಮಾಡಿದ್ದಳು. ಅವನು ಇವಳ ಮುಖ ನೋಡದೆ, 'ಕೂತವ್ರೆ' ಎಂದ.

ಆಮೇಲೆ ಹೆಂಗಸರು ಹೋಗಬಾರದು ಎಂಬುದೆಲ್ಲ ಎಲ್ಲಿ ಉಳಿಯಿತು? ಸರಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಧಡಧಡನೆ ಹತ್ತಿಬಿಟ್ಟಳು. ಮೇಲೆ ಹೊಗೆ, ಗದ್ದಲ. ಪ್ರತಿ ಟೇಬಲ್ಲಿನ ಸುತ್ತಲೂ ಹೂವಿನ ಹಾರ ಹಾಕಿಕೊಂಡ ಗಂಡಸರು. ಉಳಿದ ದಿನ ಬರೀ ರಮ್ಮಿಯಂತೆ, ಹಬ್ಬಕ್ಕೆಂದು ಇವತ್ತು ಒಳಗೆ–ಹೊರಗೆ, ಅದೇ ಅಂದರ್ ಬಾಹರ್. ಮೂಲೆಯ ಟೇಬಲ್ಲಿನಲ್ಲಿ ಜಯಕುಮಾರ್ ಎಲೆ ಹಂಚುತ್ತಿದ್ದ. ಎದುರಿಗೆ ಬೋರಲಿಂಗಯ್ಯ, ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು, ಕತ್ತು ಮುಂದೆ ಚಾಚಿ ಕೂತಿದ್ದ. ಕೆನ್ನೆ ಕೆಂಪೇರಿತ್ತು. ಹನ್ನೆರಡು ವರ್ಷದಲ್ಲಿ ಅವನ ಕಣ್ಣು ಹೀಗೆ ಹೊಳೆದದ್ದನ್ನು ಅವಳು ನೋಡಿರಲಿಲ್ಲ.

'ಏನೂಂದ್ರೆ!'

ಇಡೀ ಕೋಣೆ ತಿರುಗಿತು. ಬೋರಲಿಂಗಯ್ಯ ಬೆಚ್ಚಿದರೂ ಕೈ ಕಂಕುಳಿಂದ ತೆಗೆಯಲಿಲ್ಲ. 'ಮುಟ್ಟಿಲ್ಲ ಕಣೇ! ಒಂದೆಲೆನೂ ಮುಟ್ಟಿಲ್ಲ, ಬೇಕಾದ್ರೆ ಕೇಳು! ಎಲೆ ಕಟ್ಟು ಕಡಿಯೋದೂ ಹನುಮಯ್ಯನೇ ಕಡ್ದ. ಒಂದ್ ಕಾಸು ಕಟ್ಟಿಲ್ಲ. ಬಾಯಲ್ ಒಳಗೆ ಅಂತೀನಿ, ಹೊರಗೆ ಅಂತೀನಿ, ಅಷ್ಟೇಯ.'

ಆಣೆ ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರಿದ್ದ. ಮುಟ್ಟಿಲ್ಲ, ಕಟ್ಟಿಲ್ಲ, ಹಾಗಾದರೆ ಆಣೆ ಮುರಿಯಿತೋ ಇಲ್ಲವೋ? ಇದನ್ನು ಯಾವ ದೇವರ ಹತ್ತಿರ ಕೇಳುವುದು?

'ದುಡ್ಡಿಲ್ದೆ ಯಾವ್ ಆಟ? ಏನಿಟ್ಟು ಆಡಿದ್ರಿ?' ಎಂದಳು.

ಬೋರಲಿಂಗಯ್ಯ ಮುಖ ಕೆಳಗೆ ಹಾಕಿದ. ದೊಡ್ಡಹನುಮಯ್ಯನೇ ನಗುತ್ತ ಹೇಳಿದ: 'ಬರೀ ತಮಾಸೆ ತಂಗ್ಯವ್ವ. ಬೋರಣ್ಣ ಗೆದ್ರೆ ಮದ್ವೆ ಪರೀಕ್ಷೆ ಆದ್ಮೇಲೆ, ನಾನ್ ಗೆದ್ರೆ ಇದೇ ವೈಶಾಖದಾಗೆ. ನಾನೇ ಗೆದ್ದೆ! ಇನ್ನ ಒಂದ್ ತಿಂಗ್ಳು ಐತೆ, ಚಪ್ಪರ ಹಾಕ್ಸಿ.'

'ಆಮೇಲ್ ಇನ್ನೊಂದ್ ಆಟ ಆಡ್ದೆ ಕಣೇ, ತಿರಗ ಗೆಲ್ಲನಾ ಅಂತ' ಎಂದ ಬೋರಲಿಂಗಯ್ಯ ಮೆಲ್ಲಗೆ. 'ಅದ್ರಾಗೆ ಪರೀಕ್ಷೆನೂ ಹೋಯ್ತು. ಮದ್ವೆ ಆದ್ಮೇಲೆ ಓದೋದ್ ಬ್ಯಾಡ ಅಂತ.'

ದುಡ್ಡಿಲ್ಲದವನು ಮಗಳನ್ನೇ ಇಟ್ಟಿದ್ದ, ಚೂರುಚೂರಾಗಿ, ಮೊದಲು ದಿನ, ಆಮೇಲೆ ಓದು. ಇನ್ನೊಂದು ಗಳಿಗೆ ತಡವಾಗಿದ್ದರೆ ಮತ್ತೇನಿಡುತ್ತಿದ್ದನೋ.

'ಈ ಸಂಬಂದ ನಮಗ್ ಬ್ಯಾಡ. ಏಳಿ ಮೇಲೆ.'

'ಹಂಗಂದ್ರೆ ಹೆಂಗೆ?' ಬೋರಲಿಂಗಯ್ಯ ಮಿಸುಕಲಿಲ್ಲ. ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ, ಒಂದು ಬಗೆಯ ಹೆಮ್ಮೆ ಇತ್ತು. 'ಆಟದಾಗ್ ಸೋತ್ ಮಾತು ತಪ್ಪಂಗಿಲ್ಲ ಕಣೇ. ನಾಕ್ ಜನದ ಎದ್ರಿಗೆ ಮಾತ್ ಕೊಟ್ಬುಟ್ಟಿವ್ನಿ.'

ಮಗಳಿಗೆ ಕೊಟ್ಟ ಮಾತಿಗಿಂತ ಇದು ದೊಡ್ಡದಾಯಿತೇ! ಅಕ್ಕಪಕ್ಕದ ಟೇಬಲ್ಲಿನವರೂ ಹೌದು ಹೌದು ಎಂದು ತಲೆಯಾಡಿಸಿದರು. ಜಯಕುಮಾರ್ ಒಬ್ಬನೇ, 'ಮಾವ, ಹೋಗ್ಲಿ ಬುಡಿ, ತಮಾಸೆಗ್ ಆಡಿದ್ದು' ಎಂದ. ದೊಡ್ಡಹನುಮಯ್ಯ ಅವನನ್ನು ಗದರಿಸಿ, ಇವಳ ಕಡೆ ತಿರುಗಿ ಕೆಣಕಿದ: 'ಬ್ಯಾಡ ಅಂದ್ರೆ ನೀನೇ ಒಂದಾಟ ಆಡಿ ಬುಡಿಸ್ಕೋ ತಂಗ್ಯವ್ವ. ನೀ ಗೆದ್ರೆ ಸಂಬಂದನೇ ಇಲ್ಲ, ಎಲ್ಲಾ ಮಾಪಿ.'

ಸುತ್ತಲಿನವರು ಹೋ ಎಂದು ನಕ್ಕರು. ಸರಸಮ್ಮ ಗಂಡನನ್ನು ನೋಡಿದಳು. ಅವನನ್ನು ಎಳೆದೊಯ್ಯಬಹುದು, ಆದರೆ ಕೊಟ್ಟ ಮಾತು ಎಂದು ಮನೆಗೆ ಹೋದ ಮೇಲೆ ಇಂದಲ್ಲ ನಾಳೆ ಮಗಳನ್ನು ಇವರಿಗೇ ಒಪ್ಪಿಸುತ್ತಾನೆ. ಅದು ಅವಳಿಗೆ ಖಂಡಿತ ಗೊತ್ತಿತ್ತು. ಕುರ್ಚಿ ಎಳೆದು ಕೂತಳು.

'ಹಂಚಪ್ಪ' ಎಂದಳು.

ನಗು ನಿಂತಿತು. ಜಯಕುಮಾರ್ ಕಟ್ಟು ಕಲೆಸಿ ಮುಂದೆ ಇಟ್ಟು, 'ಕಡೀರಿ ಅತ್ತೆ' ಎಂದ. ಹುಟ್ಟಿದಾರಭ್ಯ ಇಸ್ಪೀಟು ಮುಟ್ಟದ ಕೈ. ಇವತ್ತು ವರ್ಷತೊಡಕು ಎಂಬುದು ತಲೆಯಲ್ಲಿ ಸುಳಿಯಿತು. ಸುಳಿದರೂ ಬೆರಳು ಮುಂದೆ ಹೋಯಿತು. ಎಲೆ ತಣ್ಣಗೆ, ನುಣ್ಣಗೆ ಇತ್ತು. ಅವಳು ಕಡಿದಳು. ಹುಡುಗ ಒಂದೆಲೆ ತೆಗೆದು ನಡುವೆ ಮಗುಚಿದ, ಕಪ್ಪು ಇಸ್ಪೀಟಿನ ಒಂಬತ್ತು. ಇನ್ನೊಂದು ಒಂಬತ್ತು ಯಾವ ಕಡೆ ಬೀಳುತ್ತದೋ ಆ ಕಡೆಯವರು ಗೆದ್ದಂತೆ.

'ಹೊರಗೆ' ಎಂದಳು ಸರಸಮ್ಮ.

ಒಳಗೆ ಒಂದು, ಹೊರಗೆ ಒಂದು. ರಾಜ, ಮೂರು, ಎಂಟು, ಗುಲಾಮ. ಎಲೆ ಬೀಳುವ ಶಬ್ದ ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ. ಮೊದಲ ಹತ್ತು ಎಲೆಯವರೆಗೂ ಅವಳು, ನನ್ನ ಮಗಳು, ನನ್ನ ಮಗಳು ಎಂದುಕೊಳ್ಳುತ್ತಿದ್ದಳು. ಆಮೇಲೆ ಒಂಬತ್ತು, ಒಂಬತ್ತು ಎಂದುಕೊಳ್ಳತೊಡಗಿದಳು. ಕೊನೆಗೆ ಮಗಳೂ ಇರಲಿಲ್ಲ, ಮದುವೆಯೂ ಇರಲಿಲ್ಲ. ಮೈಯೆಲ್ಲ ಕಾದು, ಬಾಯಿ ಒಣಗಿ, ಆ ಹುಡುಗನ ಬೆರಳಿನಿಂದ ಇಳಿಯುವ ಎಲೆ ಒಂದೇ ಲೋಕದಲ್ಲಿ ಉಳಿದಿತ್ತು. ಕೆಂಪು ಆಟೀನ್ ಒಂಬತ್ತು ಬಂದು ಹೊರಗೆ ಬಿದ್ದಾಗ ಅವಳೇ ಟೇಬಲ್ ಕುಟ್ಟಿ, 'ಹೊಡೀರಿ ಚಪ್ಪಾಳೆ!' ಎಂದು ಕೂಗಿಬಿಟ್ಟಳು.

ಕೂಗಿದ್ದು ತಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಸೆರಗು ಹೊದ್ದು ಎದ್ದಳು. ಜಯಕುಮಾರ್ ಎಲೆಗಳನ್ನು ಒಟ್ಟು ಮಾಡುತ್ತ, 'ಹೋಗ್ ಬನ್ನಿ ಅತ್ತೆ' ಎಂದವನು, ತಿದ್ದಿಕೊಂಡು, 'ಹೋಗ್ ಬನ್ನಿ ಅಮ್ಮ' ಎಂದ. ಒಳ್ಳೆಯ ಹುಡುಗನೇ. ಆದರೆ ಆಗಿದ್ದು ಆಗಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಮಗಳನ್ನು ಬಿಡಿಸಿ ತಂದೆ ಎಂದು ಎಷ್ಟು ಸಲ ಹೇಳಿಕೊಂಡರೂ ಎದೆ ತಹಬಂದಿಗೆ ಬರಲಿಲ್ಲ. ಬೋರಲಿಂಗಯ್ಯ ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದ. ಗಂಡನಿಗೆ ಈಗಲಾದರೂ ನಾಚಿಕೆಯಾಗಿರಬೇಕು ಅಂದುಕೊಂಡಳು.

ಅವನು ಮೆಲ್ಲಗೆ ಅವಳ ಬಲಗೈ ಎತ್ತಿ ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡ. ಮೂವತ್ತು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ಅವನು ಹೀಗೆ ಕೈ ಹಿಡಿದವನಲ್ಲ. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ, ಕಣ್ತುಂಬ ಪ್ರೀತಿಯಿಂದ ನೋಡಿದ.

'ಎಂತಾ ಕೈ ಕಣೇ ಸರಸಿ ನಿಂದು! ಇಷ್ಟ್ ವರ್ಷ ಎಲ್ಲಿಟ್ಟಿದ್ದೆ ಇದನ್ನ?' ಎಂದು ಪಿಸುಗುಟ್ಟಿದ. 'ನಾನ್ ತಾನೆ ಮುಟ್ಟಂಗಿಲ್ಲ. ನೀನ್ ಯಾವ್ ಆಣೆನೂ ಮಾಡಿಲ್ವಲ್ಲ.'

ಕೈ ಕಿತ್ತುಕೊಳ್ಳಬೇಕು ಎಂದು ಅವಳಿಗೆ ಅನ್ನಿಸಿತು. ಬೆರಳುಗಳು ಇನ್ನೂ ಬೆಚ್ಚಗಿದ್ದವು, ಕಿತ್ತುಕೊಳ್ಳಲು ಆಗಲಿಲ್ಲ.